ಕಾಲಿಗೆ ತೊಡಿಸಿದ ಬಳೆಗಳು

ದೊಡ್ಡ ಆಸ್ಪತ್ರೆಗಳ ಮೂಳೆ ವಿಭಾಗದ ಮುಂದೆ ಒಮ್ಮೊಮ್ಮೆ ಒಂದು ವಿಚಿತ್ರ ದೃಶ್ಯ ಕಣ್ಣಿಗೆ ಬೀಳುತ್ತದೆ. ಮೊಣಕಾಲಿನಿಂದ ಹಿಮ್ಮಡಿಯವರೆಗೆ ಮೂರು ನಾಲ್ಕು ಉಕ್ಕಿನ ಬಳೆಗಳು; ಅವನ್ನು ಒಂದಕ್ಕೊಂದು ಜೋಡಿಸುವ ಸರಳುಗಳು, ನಟ್ಟು ಬೋಲ್ಟುಗಳು; ಬಳೆಯಿಂದ ಹೊರಟು ಚರ್ಮ, ಮಾಂಸ, ಮೂಳೆಗಳನ್ನು ತೂರಿ ಆಚೆ ಬದಿಗೆ ಬರುವ ತಂತಿಗಳು. ಕಂಡವರು ಅಯ್ಯೋ ಎಂದು ಮುಖ ತಿರುಗಿಸುತ್ತಾರೆ. ಆದರೆ ಆ ಪಂಜರ ತೊಟ್ಟವನು ಮಲಗಿರುವುದಿಲ್ಲ. ಊರುಗೋಲು ಹಿಡಿದು, ಅದೇ ಕಾಲಿನ ಮೇಲೆ ಭಾರ ಹಾಕಿ ನಡೆಯುತ್ತಿರುತ್ತಾನೆ. ಈ ಚಿಕಿತ್ಸೆಯ ಗುಟ್ಟು ಇರುವುದೇ ಆ ನಡಿಗೆಯಲ್ಲಿ.

ಇದು ಹುಟ್ಟಿದ್ದು ಮಾಸ್ಕೋದಿಂದ ಸುಮಾರು 2,000 ಕಿ.ಮೀ. ಪೂರ್ವಕ್ಕೆ, ಸೈಬೀರಿಯಾದ ಅಂಚಿನಲ್ಲಿರುವ ಕುರ್ಗಾನ್‌ನಲ್ಲಿ. ಗವ್ರಿಯಿಲ್ ಇಲಿಜರೋವ್ 1921ರಲ್ಲಿ ಹುಟ್ಟಿದವರು. ಬೆಳೆದದ್ದು ಅಜರ್‌ಬೈಜಾನಿನ ಕುಸಾರ್‌ನಲ್ಲಿ, ಬಡತನದಲ್ಲಿ. 1944ರಲ್ಲಿ ವೈದ್ಯ ಪದವಿ ಮುಗಿಸಿದ ಅವರನ್ನು ಕುರ್ಗಾನ್ ಪ್ರಾಂತದ ದೊಲ್ಗೊವ್ಕಾ ಎಂಬ ಹಳ್ಳಿಗೆ ಕಳಿಸಲಾಯಿತು. ಮರುವರ್ಷ ಯುದ್ಧ ಮುಗಿಯಿತು, ಗಾಯಗಳು ಮುಗಿಯಲಿಲ್ಲ. ಕೂಡದ ಮೂಳೆ, ಕೀವು ಸೋರುವ ಮೂಳೆ, ಸೊಟ್ಟಗೆ ಕೂಡಿ ಕುಂಟಾದ ಕಾಲು, ಹೀಗೆ ಊರುಗಳ ತುಂಬ ಸೈನಿಕರು. ಆಗ ತಿಳಿದಿದ್ದ ಮುಖ್ಯ ಉಪಾಯ ಪ್ಲಾಸ್ಟರ್ ಕಟ್ಟಿ ತಿಂಗಳುಗಟ್ಟಲೆ ಮಲಗಿಸುವುದು. ಮೂಳೆ ಕೂಡುವಷ್ಟರಲ್ಲಿ ಕೀಲು ಬಿಗಿಯುತ್ತಿತ್ತು, ಮಾಂಸಖಂಡ ಸೊರಗುತ್ತಿತ್ತು.

ಇಲಿಜರೋವ್ 1951ರಲ್ಲಿ ರೂಪಿಸಿದ ಸಾಧನ ಈ ಕ್ರಮವನ್ನೇ ತಲೆಕೆಳಗು ಮಾಡಿತು. ಕುದುರೆಗಾಡಿಯ ನೊಗ-ಮೂಕಿಗಳ ಜೋಡಣೆ ನೋಡಿ ಈ ಕಲ್ಪನೆ ಹೊಳೆಯಿತೆಂದು ಹೇಳುವುದುಂಟು. ನಮಗೆ ಸೈಕಲ್ ಚಕ್ರದ ಹೋಲಿಕೆ ಸುಲಭ. ಸಪೂರ ಕಡ್ಡಿಗಳನ್ನು ಬಿಗಿಯಾಗಿ ಎಳೆದು ಕಟ್ಟಿದ್ದರಿಂದಲೇ ಆ ಚಕ್ರ ಆಳಿನ ತೂಕ ಹೊರುತ್ತದೆ. ಇಲ್ಲಿಯೂ ಎರಡು ಮಿ.ಮೀ.ಗೂ ತೆಳ್ಳಗಿನ ತಂತಿಗಳು ಮೂಳೆಯೊಳಗೆ ಅಡ್ಡಹಾಯ್ದು, ಬಳೆಗೆ ಬಿಗಿಯಲ್ಪಟ್ಟು, ಮುರಿದ ತುದಿಗಳನ್ನು ಅಲುಗದಂತೆ ಹಿಡಿಯುತ್ತವೆ. ಆದರೂ ಹೆಜ್ಜೆ ಊರಿದಾಗ ತಂತಿ ಕೂದಲೆಳೆಯಷ್ಟು ಬಾಗಿ ಮತ್ತೆ ಸೆಟೆಯುತ್ತದೆ. ಆ ಸಣ್ಣ ಒತ್ತಡವೇ ಮೂಳೆಗೆ ಬೆಳೆಯುವ ಸೂಚನೆ. ಮಲಗಿದ್ದರೆ ಆ ಸೂಚನೆ ಸಿಕ್ಕುವುದಿಲ್ಲ.

ಮೊದಮೊದಲು ಸಾಧನದ ಕೆಲಸ ಮುರಿದ ತುದಿಗಳನ್ನು ಒತ್ತಿ ಹಿಡಿಯುವುದಷ್ಟೇ. ಒಬ್ಬ ರೋಗಿ ನಟ್ಟನ್ನು ತಪ್ಪು ದಿಕ್ಕಿಗೆ ತಿರುಗಿಸಿ ಮೂಳೆಯ ನಡುವೆ ಸಂದು ಬಿಡಿಸಿಕೊಂಡ, ಎಕ್ಸ್‌ರೇ ನೋಡಿದರೆ ಆ ಸಂದಿನಲ್ಲಿ ಹೊಸ ಮೂಳೆ ಮೂಡಿತ್ತು ಎಂಬ ಕಥೆ ಪ್ರಸಿದ್ಧ. ಬಾಯಿಂದ ಬಾಯಿಗೆ ದಾಟುತ್ತ ಇಂಥ ಕಥೆಗಳು ನುಣುಪಾಗುತ್ತವೆ. ಕಾಲು ಉದ್ದ ಮಾಡುವ ಯತ್ನವೂ ಹೊಸದಲ್ಲ. ಇಟಲಿಯ ಕೊದಿವಿಲ್ಲಾ 1905ರಲ್ಲೇ ಅದನ್ನು ಪ್ರಕಟಿಸಿದ್ದರು. ಆದರೆ ಬಲವಂತದ ಎಳೆತದಿಂದ ನರಗಳು ಘಾಸಿಯಾಗುತ್ತಿದ್ದವು. ಎಷ್ಟು ನಿಧಾನವಾಗಿ ಎಳೆಯಬೇಕು ಎಂಬುದನ್ನು ಪ್ರಾಣಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ ಕಂಡುಕೊಂಡದ್ದು ಇಲಿಜರೋವ್ ಅವರ ಹಿರಿಮೆ.

ಉತ್ತರ: ದಿನಕ್ಕೆ ಒಂದು ಮಿಲಿಮೀಟರ್, ಅದೂ ನಾಲ್ಕು ಕಂತಿನಲ್ಲಿ. ಮೂಳೆಯ ಹೊರಕವಚವನ್ನು ಜೋಪಾನವಾಗಿ ಕತ್ತರಿಸಿ, ಸುಮಾರು ಒಂದು ವಾರ ಸುಮ್ಮನೆ ಬಿಟ್ಟು, ಆಮೇಲೆ ಹೊತ್ತು ಹೊತ್ತಿಗೆ ಕಾಲು ಮಿ.ಮೀ. ಬಿಡಿಸುತ್ತ ಹೋಗಬೇಕು. ಅವಸರ ಮಾಡಿದರೆ ಸಂದಿನಲ್ಲಿ ಮೂಳೆಯ ಬದಲು ಬರೀ ನಾರು ತುಂಬುತ್ತದೆ. ತೀರಾ ತಡ ಮಾಡಿದರೆ ತುದಿಗಳು ಮೊದಲೇ ಬೆಸೆದುಕೊಳ್ಳುತ್ತವೆ. ಹದ ಸಿಕ್ಕರೆ ಮೂಳೆಯ ಜೊತೆಗೆ ರಕ್ತನಾಳ, ನರ, ಚರ್ಮ ಎಲ್ಲವೂ ಹಿಗ್ಗಿ ಬೆಳೆಯುತ್ತವೆ. ಬಳೆಗಳ ನಡುವೆ ಒಂದು ಬದಿಗೆ ತಿರುಗಣಿ ಇಟ್ಟು ಇನ್ನೊಂದು ಬದಿಯನ್ನಷ್ಟೇ ತೆರೆದರೆ ಸೊಟ್ಟ ಕಾಲೂ ನೆಟ್ಟಗಾಗುತ್ತದೆ. ಹೆಚ್ಚಿನ ಕಡೆ ನಟ್ಟು ತಿರುಗಿಸುವವನು ವೈದ್ಯನಲ್ಲ, ರೋಗಿ ಅಥವಾ ಅವನ ಮನೆಯವರು.

ಮಾಸ್ಕೋದ ಪಂಡಿತರಲ್ಲಿ ಹಲವರು ಇದನ್ನು ಕಮ್ಮಾರಿಕೆ ಎಂದು ಹಾಸ್ಯ ಮಾಡಿದರು. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ವಲೇರಿ ಬ್ರುಮೆಲ್, 1965ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲು ನುಚ್ಚುನೂರು ಮಾಡಿಕೊಂಡರು. ಹಲವಾರು ಶಸ್ತ್ರಚಿಕಿತ್ಸೆಗಳು ಫಲ ಕೊಡದೆ ಕೊನೆಗೆ ಕುರ್ಗಾನ್‌ಗೆ ಬಂದರು. 2.28 ಮೀಟರಿನ ಅವರ ವಿಶ್ವದಾಖಲೆಯ ಎತ್ತರ ಮತ್ತೆ ಕೈಗೂಡಲಿಲ್ಲ; ಆದರೆ 2 ಮೀಟರು ದಾಟಿದರು. ಹಾಸ್ಯ ಮೆಲ್ಲಗೆ ಅಡಗಿತು. 1971ರಲ್ಲಿ ಕುರ್ಗಾನ್‌ನಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಎದ್ದಿತು.

ಪಶ್ಚಿಮದ ಕದ ತೆರೆದದ್ದೂ ಒಬ್ಬ ರೋಗಿಯಿಂದಲೇ. ಇಟಲಿಯ ಪರ್ವತಾರೋಹಿ ಕಾರ್ಲೊ ಮೌರಿ, ಥೋರ್ ಹೆಯರ್ಡಾಲ್ ಅವರ ಜೊಂಡಿನ ದೋಣಿ 'ರಾ'ದಲ್ಲಿ ಅಟ್ಲಾಂಟಿಕ್ ಯಾನಕ್ಕೆ ಹೊರಟವರಲ್ಲೊಬ್ಬರು. ಎಂದೋ ಮುರಿದ ಕಾಲು ಅವರನ್ನು ಕುಂಟಿಸುತ್ತಲೇ ಇತ್ತು. ದೋಣಿಯಲ್ಲಿದ್ದ ರಷ್ಯನ್ ವೈದ್ಯ ಯೂರಿ ಸೆಂಕೆವಿಚ್ ಅವರ ಪರಿಚಯವೇ ಮುಂದೆ ಮೌರಿಗೆ ಕುರ್ಗಾನ್‌ನ ದಾರಿ ತೋರಿಸಿತು. 1980ರಲ್ಲಿ ಅವರು ಅಲ್ಲಿ ಚಿಕಿತ್ಸೆ ಪಡೆದು ಮರಳಿದಾಗ ಇಟಲಿಯ ವೈದ್ಯರು ಬೆರಗಾದರು. ಮರುವರ್ಷವೇ ಬೆಲ್ಲಾಜಿಯೊದಲ್ಲಿ ನಡೆದ ವೈದ್ಯ ಸಮ್ಮೇಳನಕ್ಕೆ ಇಲಿಜರೋವ್ ಅವರಿಗೆ ಆಹ್ವಾನ ಹೋಯಿತು. ಮೂವತ್ತು ವರ್ಷ ಹಳೆಯ ವಿದ್ಯೆ ಪಶ್ಚಿಮಕ್ಕೆ ಹೊಸದಾಗಿತ್ತು. 1992ರಲ್ಲಿ ಇಲಿಜರೋವ್ ತೀರಿಕೊಳ್ಳುವ ಹೊತ್ತಿಗೆ ಭಾರತದಲ್ಲೂ ಬಳೆಗಳು ಬಳಕೆಗೆ ಬಂದಿದ್ದವು.

ನಮ್ಮಲ್ಲಿ ಇದು ಹೆಚ್ಚಾಗಿ ಬೇಕಾದದ್ದು ರಸ್ತೆ ಅಪಘಾತದಲ್ಲಿ ಮೂಳೆ ಕಳೆದುಕೊಂಡವರಿಗೆ, ಪೋಲಿಯೋದಿಂದ ಕಾಲು ಗಿಡ್ಡವಾದವರಿಗೆ. ಭಾರತದಲ್ಲಿ ಪೋಲಿಯೋದ ಕೊನೆಯ ಸಹಜ ಪ್ರಕರಣ ಕಂಡದ್ದು 2011ರಲ್ಲಿ. ಅದಕ್ಕೂ ಮುಂಚೆ ಕಾಲು ಕಳೆದುಕೊಂಡ ಮಕ್ಕಳು ಈಗ ದೊಡ್ಡವರು. ಬಳೆ ಅವರ ಕಾಲನ್ನು ಉದ್ದ ಮಾಡಬಲ್ಲದು, ನೆಟ್ಟಗೆ ಮಾಡಬಲ್ಲದು. ಸತ್ತ ಸ್ನಾಯುವಿಗೆ ಜೀವ ತುಂಬಲಾರದು. ಇದನ್ನು ಮೊದಲೇ ಹೇಳದ ವೈದ್ಯ ಅರ್ಧ ಸತ್ಯವನ್ನಷ್ಟೇ ಹೇಳಿದಂತೆ. ಬರೀ ಎತ್ತರ ಹೆಚ್ಚಿಸಿಕೊಳ್ಳಲು ಗಟ್ಟಿಮುಟ್ಟಾದ ಕಾಲನ್ನೇ ಕತ್ತರಿಸಿಕೊಳ್ಳುವವರೂ ಇದ್ದಾರೆ. ಅವರ ಧೈರ್ಯಕ್ಕೆ ಏನೆನ್ನುವುದು!

ಬೆಲೆ ತೆರಬೇಕಾದದ್ದು ಕಾಲದಲ್ಲಿ. ಐದು ಸೆಂ.ಮೀ. ಬೆಳೆಸಲು ಐವತ್ತು ದಿನ. ಬೆಳೆದ ಎಳೆ ಮೂಳೆ ಗಟ್ಟಿಯಾಗಲು ಅದಕ್ಕೂ ಹೆಚ್ಚು. ಒಟ್ಟು ಐದಾರು ತಿಂಗಳು ಪಂಜರ ಹೊರಬೇಕು. ಅಷ್ಟೂ ದಿನ ತಂತಿ ಹೊಕ್ಕ ಜಾಗಗಳನ್ನು ಶುಚಿಯಾಗಿಡದಿದ್ದರೆ ಕೀವಾಗುತ್ತದೆ. ಮೂಳೆಯಷ್ಟು ಬೇಗ ಸ್ನಾಯು ಹಿಗ್ಗದು; ಹಿಮ್ಮಡಿ ಮೇಲೆದ್ದು ಪಾದ ಕೆಳಗೆ ಬಾಗತೊಡಗುತ್ತದೆ. ಆದ್ದರಿಂದ ಬೆಳಿಗ್ಗೆ ಸಂಜೆ ಪಾದವನ್ನು ಮೇಲಕ್ಕೆ ಎಳೆಯುವ, ಮೊಣಕಾಲು ಮಡಿಸಿ ಚಾಚುವ ವ್ಯಾಯಾಮ. ನೋವೆಂದು ಅದನ್ನು ಬಿಟ್ಟವರ ಕಾಲು ಉದ್ದವಾಗಿಯೂ ನಡಿಗೆ ಸುಧಾರಿಸದೆ ಉಳಿಯುವುದುಂಟು.

ಬಳೆ ತೆಗೆಯುವ ಮುನ್ನ ಇನ್ನೊಂದು ಪರೀಕ್ಷೆ ಇದೆ. ಸರಳುಗಳ ನಟ್ಟು ಸಡಿಲಿಸಿ, ಪಂಜರ ಕಾಲಲ್ಲೇ ಇರುವಂತೆ ರೋಗಿಯನ್ನು ನಡೆಸುತ್ತಾರೆ. ಈಗ ಭಾರ ಹೊರುವುದು ಉಕ್ಕಲ್ಲ, ಅವನೇ ಬೆಳೆಸಿಕೊಂಡ ಮೂಳೆ. ಕೆಲವು ದಿನ ನಡೆದು ನೋವಿಲ್ಲವೆಂದರೆ, ಎಕ್ಸ್‌ರೇಯೂ ಹೂಂ ಎಂದರೆ, ತಂತಿಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಕೆಲವು ವಾರ ಊರುಗೋಲು ಮಾತ್ರ ಜೊತೆಗಿರುತ್ತದೆ.