ಗೊಂಬೆ ಕುದುರೆಗೂ ಚಳಿಯೇ?

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ. ಅಮೆರಿಕದ ಮಿನ್ನೆಸೋಟಾದಲ್ಲಿರುವ ಅಕ್ಕನ ಮಗಳು ಒಂದು ಚಿತ್ರ ಕಳುಹಿಸಿದ್ದಳು. ಕಿಟಕಿಯ ಹೊರಗೆ ಮೊಣಕಾಲುದ್ದ ಹಿಮ. ಒಳಗೆ ಮೇಜಿನ ಮೇಲೆ ಗೇಣುದ್ದದ ಏಳು ಕುದುರೆಗಳು. ಪ್ರತಿಯೊಂದರ ಬೆನ್ನ ಮೇಲೂ ಬಣ್ಣದ ಪುಟ್ಟ ಹೊದಿಕೆ! ಅವಳ ಹನ್ನೊಂದು ವರ್ಷದ ಮಗಳ ಸಂಗ್ರಹವಂತೆ. ಚಳಿಗಾಲ ಬಂತೆಂದು ಆ ಹುಡುಗಿ ತನ್ನ ಕುದುರೆಗಳಿಗೆಲ್ಲ ರಗ್ಗು ಹೊದಿಸಿದ್ದಾಳೆ.

ನನಗೆ ನಗು ಬಂತು. ಪ್ಲಾಸ್ಟಿಕ್ ಕುದುರೆಗೆ ಎಲ್ಲಿಯ ಚಳಿ? ಮರುದಿನ ಒಂಬತ್ತನೇ ತರಗತಿಯಲ್ಲಿ ಈ ಸಂಗತಿ ಹೇಳಿದೆ. ಮಕ್ಕಳೂ ನಕ್ಕರು. ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಸಾರ್, ರಗ್ಗು ಹೊದಿಸಿದರೆ ಆ ಗೊಂಬೆ ಸ್ವಲ್ಪವಾದರೂ ಬೆಚ್ಚಗಾಗುತ್ತದಲ್ಲವೇ?" ಯಾರಿಗೆಲ್ಲ ಹಾಗನ್ನಿಸುತ್ತದೆ ಎಂದು ಕೈ ಎತ್ತಿಸಿದೆ. ಅರ್ಧಕ್ಕಿಂತ ಹೆಚ್ಚು ಮಂದಿ ಎತ್ತಿದರು! ನನ್ನ ನಗು ಅಲ್ಲಿಗೆ ನಿಂತಿತು.

ಗಡಿಯಾರದ ಪಕ್ಕದ ಕುದುರೆ

ಅಂಚೆಚೀಟಿ, ನಾಣ್ಯ ಸಂಗ್ರಹಿಸುವವರನ್ನು ನಾವು ಬಲ್ಲೆವು. ಅಮೆರಿಕದಲ್ಲಿ ಮಾದರಿ ಕುದುರೆಗಳ ಸಂಗ್ರಹವೂ ಅಂಥದೇ ದೊಡ್ಡ ಹವ್ಯಾಸ. ಇದರ ಹುಟ್ಟು ಸ್ವಾರಸ್ಯಕರ. 1950ರ ಸುಮಾರಿಗೆ ಷಿಕಾಗೋದ ಬ್ರೇಯರ್ ಎಂಬ ಪ್ಲಾಸ್ಟಿಕ್ ಅಚ್ಚಿನ ಕಂಪನಿಗೆ, ಮೇಜಿನ ಗಡಿಯಾರದ ಪಕ್ಕ ನಿಲ್ಲಿಸಲು ಒಂದು ಕುದುರೆ ಮಾಡಿಕೊಡುವ ಕೆಲಸ ಬಂತು. ಜನ ಗಡಿಯಾರ ಬೇಡ, ಕುದುರೆ ಮಾತ್ರ ಕೊಡಿ ಎಂದು ಕೇಳತೊಡಗಿದರು! ಅಲ್ಲಿಂದ ಕುದುರೆಗಳೇ ಕಂಪನಿಯ ಕಸುಬಾದವು. 1990ರಿಂದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಇದಕ್ಕಾಗಿಯೇ 'ಬ್ರೇಯರ್‌ಫೆಸ್ಟ್' ಎಂಬ ಜಾತ್ರೆಯೂ ನಡೆಯುತ್ತದೆ.

ಈ ಕುದುರೆಗಳ ಪ್ರಮುಖ ಅಳತೆ ನಿಜದ ಕುದುರೆಯ ಒಂಬತ್ತನೇ ಒಂದು ಭಾಗ. ಭುಜದವರೆಗೆ 153 ಸೆಂಟಿಮೀಟರ್ ಎತ್ತರದ ಕುದುರೆ ಇಲ್ಲಿ 17 ಸೆಂಟಿಮೀಟರ್. ಚಳಿಗಾಲ ಬಂದರೆ ಇವಕ್ಕೆ ರಗ್ಗು, ಮುಖದ ಹಗ್ಗ, ಕಾಲುಪಟ್ಟಿಗಳ ಸಡಗರ. ಕ್ರಿಸ್‌ಮಸ್ ಹೊತ್ತಿಗೆ ಕಂಪನಿ ಅಲಂಕರಿಸಿದ ಕುದುರೆಯನ್ನೂ ಹೊರತರುತ್ತದೆ. ಆದರೆ ಎಷ್ಟೋ ಹವ್ಯಾಸಿಗಳು ರಗ್ಗುಗಳನ್ನು ಕೈಯಾರೆ ಹೊಲಿಯುತ್ತಾರೆ. ಅದು ಸುಲಭವಲ್ಲ. 180 ಸೆಂಟಿಮೀಟರ್ ರಗ್ಗು ಇಲ್ಲಿ 20 ಸೆಂಟಿಮೀಟರ್ ಆಗಬೇಕು. ನಾಲ್ಕೂವರೆ ಸೆಂಟಿಮೀಟರಿನ ಬಕಲ್ಲು ಐದೇ ಮಿಲಿಮೀಟರ್! ಉದ್ದ ಒಂಬತ್ತು ಪಟ್ಟು ತಗ್ಗಿದರೆ ಬಟ್ಟೆಯ ವಿಸ್ತೀರ್ಣ 81 ಪಟ್ಟು ತಗ್ಗುತ್ತದೆ. ನಮ್ಮ ಮಕ್ಕಳು ಪರೀಕ್ಷೆಗೆಂದು ಉರುಹೊಡೆಯುವ ಲೆಕ್ಕವನ್ನು ಆ ಹುಡುಗಿ ಕತ್ತರಿ ಹಿಡಿದು ಕಲಿಯುತ್ತಿದ್ದಾಳೆ.

ಇನ್ನೊಂದು ಸಂಗತಿ. ಈ ಕುದುರೆಗಳು ಸೆಲ್ಯುಲೋಸ್ ಅಸಿಟೇಟ್‌ನವು. ಮರದ ತಿರುಳು ಅಥವಾ ಹತ್ತಿಯಲ್ಲಿರುವ ಸೆಲ್ಯುಲೋಸನ್ನು ಅಸಿಟಿಕ್ ಆಮ್ಲದ ಬಳಗದ ರಾಸಾಯನಿಕಗಳೊಡನೆ ಸೇರಿಸಿ ಮಾಡುವ ವಸ್ತುವಿದು. ಹಳೆಯ ಸಿನಿಮಾ ರೀಲುಗಳೂ ಇದರವೇ. ಹಾಳಾಗುವಾಗ ಅವು ವಿನೆಗರ್ ವಾಸನೆ ಬೀರುವುದು ಅಸಿಟಿಕ್ ಆಮ್ಲ ಹೊರಬರುವುದರಿಂದ. ಹೀಗಾಗಿ ಗೊಂಬೆ ಕುದುರೆಗೆ ಚಳಿಯ ಭಯವಿಲ್ಲ, ಬಿಸಿಲಿನ ಭಯವಿದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗಿಟ್ಟರೆ ಕಾಲು ಸೊಟ್ಟಗಾದೀತು.

ಕಂಬಳಿ ಬಿಸಿ ಕೊಡುತ್ತದೆಯೇ?

ಹುಡುಗಿಯ ಪ್ರಶ್ನೆಗೆ ಬರೋಣ. ಮಾರನೆಯ ದಿನ ತರಗತಿಗೆ ಎರಡು ಉಷ್ಣಮಾಪಕ ಒಯ್ದೆ. ಒಂದನ್ನು ಉಣ್ಣೆಯ ಮಫ್ಲರಿನಲ್ಲಿ ಸುತ್ತಿದೆವು, ಇನ್ನೊಂದನ್ನು ಹಾಗೆಯೇ ಇಟ್ಟೆವು. ಅರ್ಧ ಗಂಟೆಯ ಬಳಿಕ ನೋಡಿದರೆ ಎರಡೂ 24 ಡಿಗ್ರಿ! ಬಳಿಕ ಎರಡು ಲೋಟ ಬಿಸಿನೀರು. ಮಫ್ಲರ್ ಸುತ್ತಿದ್ದು ನಿಧಾನವಾಗಿ ಆರಿತು. ಕೊನೆಗೆ ಎರಡು ತುಂಡು ಮಂಜುಗಡ್ಡೆ. ಮಫ್ಲರಿನೊಳಗಿನದು ಬೇಗ ಕರಗುತ್ತದೆ ಎಂದು ಬಹುತೇಕ ಮಕ್ಕಳ ಊಹೆ. ಆದರೆ ಅದೇ ತಡವಾಗಿ ಕರಗಿತು!

ಕಾರಣ ಇಷ್ಟೇ. ಕಂಬಳಿ ಬಿಸಿಯನ್ನು ಉಂಟುಮಾಡುವುದಿಲ್ಲ. ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಸುಲಭವಾಗಿ ದಾಟಗೊಡುವುದಿಲ್ಲ, ಒಳಗಿನಿಂದ ಹೊರಕ್ಕೂ ಇಲ್ಲ, ಹೊರಗಿನಿಂದ ಒಳಕ್ಕೂ ಇಲ್ಲ. ಐಸ್ ಮಾರುವವರು ಗಡ್ಡೆಯನ್ನು ಮರದ ಹೊಟ್ಟು, ಗೋಣಿಚೀಲದಲ್ಲಿ ಮುಚ್ಚುತ್ತಿದ್ದುದೂ ಇದಕ್ಕೇ. ನಮ್ಮ ದೇಹ ಶಾಖ ಹುಟ್ಟಿಸುತ್ತದೆ, ಕಂಬಳಿ ಅದನ್ನು ಕಾಯುತ್ತದೆ. ಗೊಂಬೆಯಲ್ಲಿ ಶಾಖವೇ ಹುಟ್ಟದು, ಕಾಯುವುದಾದರೂ ಏನನ್ನು?

ಜೀವಂತ ಕುದುರೆಯ ಕಥೆ ಬೇರೆ. ಹಗಲು ಕಿರಿದಾಗುತ್ತ ಬಂದಂತೆ ಅದರ ಮೈಮೇಲೆ ಚಳಿಗಾಲದ ದಟ್ಟ ಕೂದಲು ಬೆಳೆಯುತ್ತದೆ. ಚಳಿಯಾದಾಗ ಆ ಕೂದಲು ನಿಮಿರಿ ನಿಂತು ಗಾಳಿಯನ್ನು ಹಿಡಿದಿಡುತ್ತದೆ. ನಮಗಾಗುವ ರೋಮಾಂಚನವೂ ಇದೇ ಕ್ರಿಯೆ! ಹೊಟ್ಟೆಯಲ್ಲಿ ಒಣಹುಲ್ಲು ಹುದುಗುವಾಗಲೂ ಶಾಖ ಹುಟ್ಟುತ್ತದೆ. ಚಳಿಗೆ ಒಗ್ಗಿದ, ಹೊಟ್ಟೆತುಂಬ ಮೇವು ಸಿಗುವ ಕುದುರೆ ಸೊನ್ನೆಗಿಂತ ಸುಮಾರು 15 ಡಿಗ್ರಿ ಕೆಳಗಿನ ಚಳಿಯನ್ನೂ ತಾಳಬಲ್ಲದು. ಅದಕ್ಕೆ ತೆಳು ರಗ್ಗು ಹೊದಿಸಿದರೆ ಕೂದಲು ಮೈಗಂಟಿ, ಉಪಕಾರಕ್ಕಿಂತ ಅಪಕಾರವೇ ಆದೀತು. ಮುದಿ ಕುದುರೆಗೆ, ಕೂದಲು ಕತ್ತರಿಸಿದ ಕುದುರೆಗೆ, ಮಳೆಗಾಳಿಯಲ್ಲಿ ನೆನೆಯುವುದಕ್ಕೆ ಮಾತ್ರ ಹೊದಿಕೆ ಬೇಕು.

ಇದನ್ನೆಲ್ಲ ಅಕ್ಕನ ಮಗಳಿಗೆ ಫೋನಿನಲ್ಲಿ ಹೇಳಿದೆ. ಪಕ್ಕದಲ್ಲಿದ್ದ ಅವಳ ಮಗಳು ಫೋನು ಕಸಿದುಕೊಂಡು, "ನಂಗೊತ್ತು ತಾತ, ಅದಕ್ಕೇ ನಾನು ಕೂದಲು ಕತ್ತರಿಸಿದ ಕುದುರೆಗಳಿಗೆ ಅಂತ ದಪ್ಪ ರಗ್ಗು ಮಾಡಿದ್ದು" ಎಂದಳು! ಹೊಲಿದದ್ದು ಅವಳಮ್ಮನ ಹಳೆಯ ಶಾಲಿನಿಂದ.

ಮುನ್ನೂರ ಹನ್ನೆರಡು

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನ್ನ ಮಗ ಹೈಸ್ಕೂಲಿನಲ್ಲಿದ್ದಾಗ ಬೆಂಕಿಪೊಟ್ಟಣದ ಚಿತ್ರಗಳನ್ನು ಸಂಗ್ರಹಿಸುತ್ತಿದ್ದ. ಹತ್ತನೇ ತರಗತಿಗೆ ಬಂದ ವರ್ಷ, ಓದಿಗೆ ಅಡ್ಡಿ ಎಂದು ನಾನು ಆ ಆಲ್ಬಮನ್ನು ಹಳೆಯ ಪೇಪರಿನ ಜೊತೆ ತೂಕಕ್ಕೆ ಹಾಕಿಬಿಟ್ಟೆ. ಅದರೊಳಗೆ ಏನಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಇತರ ತಂದೆತಾಯಿಯರಿಗೂ ಹಾಗೆಯೇ ಮಾಡಿ ಎಂದು ಬುದ್ಧಿ ಹೇಳಿದ್ದುಂಟು. ಈಗ ಅವನು ಕೆಲಸದಲ್ಲಿದ್ದಾನೆ. ಮರುದಿನ ಫೋನು ಮಾಡಿ, "ಅದರಲ್ಲಿ ಎಷ್ಟು ಚಿತ್ರಗಳಿದ್ದವೋ?" ಎಂದೆ. ಅವನು ತಡವರಿಸಲಿಲ್ಲ. "ಮುನ್ನೂರ ಹನ್ನೆರಡು, ಅಪ್ಪ" ಎಂದ.

ಪಾಲಕರಲ್ಲಿ ಒಂದು ವಿನಂತಿ. ದುಬಾರಿ ಗೊಂಬೆಗಳನ್ನು ಕೊಡಿಸಿ ಎಂದು ನಾನು ಹೇಳುತ್ತಿಲ್ಲ. ಚನ್ನಪಟ್ಟಣದ ಮರದ ಕುದುರೆ, ಮಣ್ಣಿನ ಎತ್ತು, ಗೋಲಿ, ಹಕ್ಕಿಯ ಗರಿ, ಏನಾದರೂ ಆದೀತು. ಓದಿಗೆ ಹೊತ್ತು ಗೊತ್ತುಮಾಡಿ, ಅದೂ ಸರಿಯೇ. ಆದರೆ ಮಗುವಿನ ಪೆಟ್ಟಿಗೆಯನ್ನು ಎಸೆಯುವ ಮುನ್ನ ಅದರ ಪಕ್ಕ ಕುಳಿತು, "ಇದೇನು, ನನಗೂ ಹೇಳು" ಎಂದು ಒಮ್ಮೆ ಕೇಳಿ. ಮಕ್ಕಳೇ, ನೀವೂ ಅಷ್ಟೆ: ಇಂದು ಸಂಜೆ ಎರಡು ಲೋಟ ಬಿಸಿನೀರು, ಒಂದು ಹಳೆಯ ಶಾಲು ಹುಡುಕಿ, ಪ್ರಯೋಗವನ್ನು ನೀವೇ ಮಾಡಿ ನೋಡಿ. ಅಪ್ಪ ಅಮ್ಮನನ್ನೂ ಕರೆಯಿರಿ.