ರಸ್ತೆಯ ಸುದ್ದಿ ಅಳತೆ ಪುಸ್ತಕದಲ್ಲಿದೆ

ಹೊಸ ಡಾಂಬರು ಮೊದಲ ಮಳೆಗೇ ಕಿತ್ತುಬಂದಿದೆ. ನಿಮಗೆ ಸಿಟ್ಟಿದೆ, ಕೈಯಲ್ಲಿ ಮೊಬೈಲಿದೆ, ನಾಲ್ಕು ಜನ ಓದುವ ಬ್ಲಾಗೂ ಇದೆ. ಸಿಟ್ಟನ್ನು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಸಂವಿಧಾನದ 19(1)(ಎ) ವಿಧಿ ಪತ್ರಿಕೆಗಳಿಗೆಂದು ಬೇರೆ ಸ್ವಾತಂತ್ರ್ಯವನ್ನೇನೂ ಕೊಟ್ಟಿಲ್ಲ. ಸಂಪಾದಕರಿಗೂ ನಿಮಗೂ ಇರುವುದು ಅದೊಂದೇ. ಆದರೆ ಬರೆದದ್ದು ವರದಿ ಅನ್ನಿಸಿಕೊಳ್ಳಬೇಕಾದರೆ ಕಾಗದ ಬೇಕು. ಅದನ್ನು ಕೊಡಿಸುವುದು 2005ರ ಮಾಹಿತಿ ಹಕ್ಕು ಕಾಯ್ದೆ.

ಅರ್ಜಿಯಲ್ಲಿ ‘ಕಳಪೆ ಕೆಲಸ ಏಕೆ ಮಾಡಿದಿರಿ?’ ಎಂದು ಕೇಳಿದರೆ ಏನೂ ಸಿಗುವುದಿಲ್ಲ. ಕಡತದಲ್ಲಿರುವುದನ್ನು ಕೊಡಬೇಕೇ ಹೊರತು ಸಮಜಾಯಿಷಿ ಬರೆದುಕೊಡಬೇಕೆಂದು ಕಾಯ್ದೆ ಹೇಳುವುದಿಲ್ಲ. ಹಾಗಾಗಿ ದಾಖಲೆಯ ಹೆಸರು ಹಿಡಿದೇ ಕೇಳಿ: ಅಂದಾಜು ಪಟ್ಟಿ, ಕಾರ್ಯಾದೇಶ, ಬಿಲ್ಲು, ಎಲ್ಲಕ್ಕಿಂತ ಮುಖ್ಯವಾಗಿ ಅಳತೆ ಪುಸ್ತಕ. ಎಂಜಿನಿಯರುಗಳ ಬಾಯಲ್ಲಿ ಅದು ‘ಎಂ.ಬಿ.’ ಮಾಡಿದ ಕೆಲಸದ ಉದ್ದ, ಅಗಲ, ದಪ್ಪ ಅದರಲ್ಲಿರುತ್ತದೆ. ಗುತ್ತಿಗೆದಾರರ ಬಿಲ್ಲು ಪಾಸಾಗುವುದು ಅದರ ಆಧಾರದ ಮೇಲೆ. ಎಂ.ಬಿ.ಯಲ್ಲಿ 50 ಮಿಲಿಮೀಟರ್ ಎಂದಿದ್ದು, ಕಿತ್ತ ಡಾಂಬರಿನ ಅಂಚಿಗೆ ಸ್ಕೇಲ್ ಇಟ್ಟಾಗ 20 ತೋರಿಸಿದರೆ ವರದಿಯ ಮೊದಲ ವಾಕ್ಯ ಸಿಕ್ಕಿತೆಂದೇ ಲೆಕ್ಕ. ಕಾಮಗಾರಿ ಪರಿಶೀಲಿಸಲು, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ಕೂಡ ಕಾಯ್ದೆಯಲ್ಲಿ ಅವಕಾಶವಿದೆ.

ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. (ಉದ್ದುದ್ದ ಬರೆಯುವವರಿಗೆ ಒಳ್ಳೆಯ ಕಡಿವಾಣ.) ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಮಾಹಿತಿ ಏಕೆ ಬೇಕೆಂದು ಹೇಳಬೇಕಾಗಿಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅದಕ್ಕೂ ಬಗ್ಗದಿದ್ದರೆ ಮಾಹಿತಿ ಆಯೋಗ. ಅಷ್ಟರಲ್ಲಿ ರಸ್ತೆಗೆ ಮತ್ತೊಮ್ಮೆ ಡಾಂಬರು ಬಿದ್ದಿರಲೂಬಹುದು. ಆದ್ದರಿಂದ ಸ್ಕೇಲ್ ಕಾಣುವಂಥ ಫೋಟೊ, ದಿನಾಂಕ, ತೆಗೆದ ಜಾಗ ಇವನ್ನೆಲ್ಲ ಅರ್ಜಿ ಹಾಕುವ ಮೊದಲೇ ದಾಖಲಿಸಿಟ್ಟುಕೊಳ್ಳಿ.

ಪ್ರಕಟಿಸುವ ಮುನ್ನ ಎಂಜಿನಿಯರನ್ನೂ ಗುತ್ತಿಗೆದಾರರನ್ನೂ ಕೇಳಿ, ಅವರು ಹೇಳಿದ್ದನ್ನೂ ಹಾಕಿ. ಬ್ಲಾಗುಗಳಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಇದೇ. ‘ದುಡ್ಡು ಹೊಡೆದರು’ ಎನ್ನುವುದು ನಿಮ್ಮ ತೀರ್ಮಾನ. ‘ಪುಸ್ತಕದಲ್ಲಿ 50, ರಸ್ತೆಯಲ್ಲಿ 20’ ಎನ್ನುವುದು ಅಳತೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಮಾನನಷ್ಟ ಈಗಲೂ ಕ್ರಿಮಿನಲ್ ಅಪರಾಧ, ಬ್ಲಾಗಿಗೆ ವಿನಾಯಿತಿಯಿಲ್ಲ. ಎಂ.ಬಿ. ಪುಟವನ್ನು ಸ್ಕ್ಯಾನ್ ಮಾಡಿ ಬರಹದ ಜೊತೆಗೇ ಹಾಕಿ. ಬ್ಯಾಂಕ್ ಖಾತೆ, ಫೋನ್ ನಂಬರ್ ಇದ್ದರೆ ಮೊದಲು ಮರೆಮಾಡಿ.