ಕಾರಿನ ಚಕ್ರ ಮೊಟ್ಟೆ ಆಕಾರ ಆಗಿದ್ದು ಹೇಗೆ?

ಗೂಗಲ್‌ನಲ್ಲಿ ‘ಲಾರ್ತಿಗ್ ಗ್ರಾಂ ಪ್ರಿ’ ಅಂತ ಹುಡುಕಿ. ಒಂದು ಹಳೇ ಕಪ್ಪು-ಬಿಳುಪು ಫೋಟೋ ಸಿಗುತ್ತೆ. ಅದನ್ನು ಪಕ್ಕದಲ್ಲಿ ಇಟ್ಟುಕೊಂಡು ಈ ಲೇಖನ ಓದಿದರೆ ಒಳ್ಳೇದು.

ರೇಸ್ ಕಾರೊಂದು ಎಡದಿಂದ ಬಲಕ್ಕೆ ನುಗ್ಗುತ್ತಿದೆ. ಅದರ ಮೂತಿ ಆಗಲೇ ಫ್ರೇಮಿನಿಂದ ಆಚೆ ಹೋಗಿಬಿಟ್ಟಿದೆ. ಹಿಂದಿನ ಚಕ್ರ ಗುಂಡಗಿಲ್ಲ, ಮೊಟ್ಟೆಯ ಹಾಗೆ ಮುಂದಕ್ಕೆ ವಾಲಿದೆ. ರಸ್ತೆ ಬದಿ ಸುಮ್ಮನೆ ನಿಂತಿರುವ ಜನ ಮಾತ್ರ ಉಲ್ಟಾ, ಹಿಂದಕ್ಕೆ ವಾಲಿದ್ದಾರೆ. ಫೋಟೋಶಾಪ್ ಹುಟ್ಟೋಕೆ ಇನ್ನೂ ಎಪ್ಪತ್ತು ವರ್ಷಕ್ಕಿಂತ ಹೆಚ್ಚು ಇದ್ದ ಕಾಲ ಅದು.

ತೆಗೆದವರು ಫ್ರಾನ್ಸಿನ ಜಾಕ್-ಆನ್ರಿ ಲಾರ್ತಿಗ್. ಹುಟ್ಟಿದ್ದು 1894ರಲ್ಲಿ. ಫೋಟೋ 1910ರ ದಶಕದ ಮೊದಲ ವರ್ಷಗಳದ್ದು, ಅಂದ್ರೆ ಆಗ ಅವರಿಗೆ ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಈ ಫೋಟೋ ಕೆಟ್ಟುಹೋಗಿದೆ ಅಂತ ಅವರೇ ಬದಿಗಿಟ್ಟಿದ್ದರು ಅನ್ನುತ್ತಾರೆ. 1963ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವರ ಫೋಟೋಗಳ ಪ್ರದರ್ಶನ ಮಾಡಿದ ಮೇಲೆ ಅವರ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಈಗ ಕಾರಿನ ಕಲಾತ್ಮಕ ಫೋಟೋಗ್ರಫಿ ಬಗ್ಗೆ ಮಾತು ಬಂದ ಕಡೆಯೆಲ್ಲ ಈ ಚಿತ್ರ ಬರುತ್ತೆ. ಆ ವಾಲಿದ ಚಕ್ರ ಬಂದದ್ದು ಎಲ್ಲಿಂದ? ಉತ್ತರ ಪೂರ್ತಿ ಎಂಜಿನಿಯರಿಂಗ್. ಅದೇ ಉತ್ತರ ನಿಮ್ಮ ಜೇಬಿನಲ್ಲಿರೋ ಫೋನಿಗೂ ಅನ್ವಯಿಸುತ್ತೆ.

ಒಂದು ಸೀಳು, ಒಂದು ಓಟ

ಫೋಟೋ ಅಂದ್ರೆ ಒಂದು ಕ್ಷಣ ಅಂತ ನಾವು ಅಂದುಕೊಂಡಿದ್ದೀವಿ. ಲಾರ್ತಿಗ್ ಅವರ ಕ್ಯಾಮೆರಾದಲ್ಲಿ ಹಾಗಿರಲಿಲ್ಲ. ಗಾಜಿನ ಪ್ಲೇಟಿನ ಮುಂದೆ ಒಂದು ಪರದೆ, ಅದರಲ್ಲಿ ಅಡ್ಡಕ್ಕೆ ಒಂದು ತೆಳು ಸೀಳು. ಬಟನ್ ಒತ್ತಿದಾಗ ಆ ಸೀಳು ಮೇಲಿಂದ ಕೆಳಕ್ಕೆ ಓಡುತ್ತೆ. ಅದು ಎಲ್ಲಿ ಇರುತ್ತೋ ಅಷ್ಟು ಜಾಗಕ್ಕೆ ಮಾತ್ರ ಆ ಗಳಿಗೆಯಲ್ಲಿ ಬೆಳಕು ಬೀಳುತ್ತೆ. ಇದಕ್ಕೆ ಫೋಕಲ್ ಪ್ಲೇನ್ ಶಟರ್ ಅಂತ ಹೆಸರು.

ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡುತ್ತೆ ಅಂತ ಹೈಸ್ಕೂಲಲ್ಲೇ ಓದಿದ್ದೀವಿ. ಹಾಗಾಗಿ ಸೀಳು ಪ್ಲೇಟಿನ ಮೇಲ್ಭಾಗದಿಂದ ಹೊರಟಿತು ಅಂದ್ರೆ ಮೊದಲು ದಾಖಲಾಗೋದು ರಸ್ತೆ ಮತ್ತು ಚಕ್ರದ ಬುಡ. ಚಕ್ರದ ತಲೆ ಆಮೇಲೆ. ಅಷ್ಟರಲ್ಲಿ ಕಾರು ಸ್ವಲ್ಪ ಮುಂದೆ ಹೋಗಿರುತ್ತೆ, ಅದಕ್ಕೇ ತಲೆ ಮುಂದೆ, ಬುಡ ಹಿಂದೆ. ಮ್ಯಾಥ್ಸ್‌ನಲ್ಲಿ ಶಿಯರ್ ಟ್ರಾನ್ಸ್‌ಫಾರ್ಮೇಶನ್ ಮಾಡಿದವರಿಗೆ ಇದು ಹೊಸದಲ್ಲ: ಎತ್ತರ ಹೆಚ್ಚಾದಷ್ಟೂ ಬಿಂದುವನ್ನು ಅಡ್ಡಕ್ಕೆ ಹೆಚ್ಚು ತಳ್ಳಿದರೆ ವೃತ್ತ ಹೋಗಿ ವಾಲಿದ ಎಲಿಪ್ಸ್ ಆಗುತ್ತೆ.

ಜನ ಯಾಕೆ ಹಿಂದಕ್ಕೆ ವಾಲಿದರು? ಲಾರ್ತಿಗ್ ಕ್ಯಾಮೆರಾವನ್ನು ಕಾರಿನ ಜೊತೆಗೇ ಬಲಕ್ಕೆ ತಿರುಗಿಸುತ್ತಿದ್ದರು, ಅಂದ್ರೆ ಪ್ಯಾನಿಂಗ್. ಹಾಗೆ ತಿರುಗಿಸಿದಾಗ ನಿಂತಿರೋ ಜನ ಫ್ರೇಮಿನಲ್ಲಿ ಎಡಕ್ಕೆ ಸರಿಯುತ್ತಾರೆ. ಅವರ ಕಾಲು ಮೊದಲು ದಾಖಲಾಯಿತು, ತಲೆ ಆಮೇಲೆ. ಕಾರಿನ ವೇಗಕ್ಕೆ ಸರಿಯಾಗಿ ತಿರುಗಿಸಿದ್ದರೆ ಚಕ್ರ ಗುಂಡಗೇ ಬರುತ್ತಿತ್ತು, ಜನ ಮಾತ್ರ ವಾಲುತ್ತಿದ್ದರು. ತಿರುಗಿಸದೇ ನಿಂತಿದ್ದರೆ ಜನ ನೆಟ್ಟಗೆ, ಚಕ್ರ ಮಾತ್ರ ವಾಲಿರುತ್ತಿತ್ತು. ಎರಡೂ ಆಗಿದೆ ಅಂದ್ರೆ ಅವರ ಕೈ ಕಾರಿಗಿಂತ ನಿಧಾನವಾಗಿತ್ತು ಅಂತ ಅರ್ಥ. ರಿಲೇಟಿವ್ ವೆಲಾಸಿಟಿಯ ಇಡೀ ಪಾಠ ಒಂದೇ ಫೋಟೋದಲ್ಲಿದೆ.

1/1000 ಇಟ್ಟರೂ ವಾಲುತ್ತೆ

ಇಲ್ಲಿ ತುಂಬಾ ಜನ ಕನ್‌ಫ್ಯೂಸ್ ಆಗ್ತಾರೆ. ಶಟರ್ ಸ್ಪೀಡ್ ಜಾಸ್ತಿ ಮಾಡಿದರೆ ಸರಿಹೋಗಲ್ವಾ ಅಂತ ಕೇಳ್ತಾರೆ. ಹೋಗಲ್ಲ. ಒಂದು ಜಾಗಕ್ಕೆ ಎಷ್ಟು ಹೊತ್ತು ಬೆಳಕು ಬಿತ್ತು ಅನ್ನೋದು ಬೇರೆ, ಸೀಳು ಇಡೀ ಫ್ರೇಮ್ ದಾಟೋಕೆ ಎಷ್ಟು ಹೊತ್ತು ತಗೊಂಡಿತು ಅನ್ನೋದು ಬೇರೆ.

ಲೆಕ್ಕ ಹಾಕಿ ನೋಡೋಣ. ಕಾರು ಗಂಟೆಗೆ 72 ಕಿ.ಮೀ. ವೇಗದಲ್ಲಿದೆ, ಅಂದ್ರೆ ಸೆಕೆಂಡಿಗೆ 20 ಮೀಟರ್. ಎಕ್ಸ್‌ಪೋಶರ್ 1/1000 ಸೆಕೆಂಡ್ ಇಟ್ಟರೆ ಅಷ್ಟರಲ್ಲಿ ಕಾರು ಚಲಿಸೋದು 2 ಸೆಂ.ಮೀ. ಬ್ಲರ್ ಕಡಿಮೆ, ಚಿತ್ರ ಶಾರ್ಪ್. ಆದರೆ ಇಡೀ ಫ್ರೇಮ್ ದಾಟೋಕೆ 1/50 ಸೆಕೆಂಡ್ ಬೇಕಾದರೆ ಅಷ್ಟರಲ್ಲಿ ಕಾರು 40 ಸೆಂ.ಮೀ. ಹೋಗಿರುತ್ತೆ. ಚಕ್ರ ಫ್ರೇಮಿನ ಅರ್ಧ ಎತ್ತರ ತುಂಬಿದ್ದರೆ ಅದರ ಬುಡಕ್ಕೂ ತಲೆಗೂ 20 ಸೆಂ.ಮೀ. ವ್ಯತ್ಯಾಸ. ಅಂಚು ಶಾರ್ಪ್ ಇದ್ದೂ ಆಕಾರ ವಾಲಿರುತ್ತೆ.

ಫಿಲ್ಮ್ ಹೋಯ್ತು, ಸೀಳು ಹೋಗಲಿಲ್ಲ

ಆಮೇಲೆ ಬಂದ ಫಿಲ್ಮ್ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲೂ ಶಟರ್ ಇದೇ ಜಾತಿಯದ್ದು, ಎರಡು ಪರದೆ ಒಂದರ ಹಿಂದೆ ಒಂದು ಓಡುತ್ತವೆ. ಆದರೆ 35 ಎಂಎಂ ಫಿಲ್ಮ್ ಆ ಗಾಜಿನ ಪ್ಲೇಟಿಗಿಂತ ಎಷ್ಟೋ ಚಿಕ್ಕದು, ಪರದೆ ಓಡಬೇಕಾದ ದೂರ ಕಡಿಮೆ. ಲೋಹದ ಒಳ್ಳೇ ಶಟರ್ ಸುಮಾರು 1/250 ಸೆಕೆಂಡಿನಲ್ಲಿ ಫ್ರೇಮ್ ದಾಟುತ್ತೆ ಅಂತ ಇಟ್ಟುಕೊಂಡರೆ ಮೇಲಿನ ಕಾರು ಹೋಗೋದು 8 ಸೆಂ.ಮೀ. ಮಾತ್ರ. ಕಣ್ಣಿಗೆ ಬೀಳೋದೇ ಕಷ್ಟ. ಲೆನ್ಸ್ ಒಳಗೇ ಇರೋ ಲೀಫ್ ಶಟರ್ ನಡುವಿನಿಂದ ಹೂವಿನ ಹಾಗೆ ಅರಳುತ್ತೆ, ಅದರಲ್ಲಿ ಈ ವಾಲುವಿಕೆ ಇಲ್ಲವೇ ಇಲ್ಲ.

ಡಿಜಿಟಲ್ ಬಂದ ಮೇಲೆ ಸೀಳು ವಾಪಸ್ ಬಂತು, ಈ ಸಲ ಎಲೆಕ್ಟ್ರಾನಿಕ್ ರೂಪದಲ್ಲಿ. ಫೋನಿನ ಸಿಮಾಸ್ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತೆ. ಇದೇ ರೋಲಿಂಗ್ ಶಟರ್. ಡ್ರೋನ್ ಮಾಡೋ ಗೆಳೆಯರ ವಿಡಿಯೋ ಜೆಲ್ಲಿ ಥರ ಅಲುಗಾಡೋದಕ್ಕೂ ಇದೇ ಕಾರಣ. ಎಲ್ಲ ಸಾಲನ್ನೂ ಒಂದೇ ಗಳಿಗೆಯಲ್ಲಿ ಹಿಡಿಯೋ ಗ್ಲೋಬಲ್ ಶಟರ್ ಇಂಡಸ್ಟ್ರಿ ಕ್ಯಾಮೆರಾಗಳಲ್ಲಿ ಮೊದಲಿಂದಲೂ ಇತ್ತು. ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾಕ್ಕೆ ಅದು ಬಂದದ್ದು 2023ರಲ್ಲಿ, ಸೋನಿ ಎ9 III ಮೂಲಕ.

ಬಸ್ಸಿನಲ್ಲಿ ಒಂದು ಲ್ಯಾಬ್

ಇದನ್ನು ನೀವೇ ಟೆಸ್ಟ್ ಮಾಡಬಹುದು. ಕಾಲೇಜ್ ಬಸ್ಸಿನ ಕಿಟಕಿ ಪಕ್ಕ ಕೂತು, ಫೋನನ್ನು ಒಳಗೇ ಇಟ್ಟು, ಹತ್ತಿರದ ಲೈಟ್ ಕಂಬಗಳ ಫೋಟೋ ತೆಗೀರಿ.

ಮೊದಲು ಫೋನನ್ನು ಅಡ್ಡ ಹಿಡಿಯಿರಿ: ಕಂಬ ಒಂದು ಕಡೆಗೆ ವಾಲುತ್ತೆ. ಅದನ್ನೇ ತಲೆಕೆಳಗು ಮಾಡಿ ಅಡ್ಡ ಹಿಡಿಯಿರಿ: ಕಂಬ ಇನ್ನೊಂದು ಕಡೆಗೆ ವಾಲುತ್ತೆ. ಈಗ ಉದ್ದಕ್ಕೆ ಹಿಡಿಯಿರಿ: ಸೆನ್ಸರ್ ಓದುವ ಸಾಲು ಕಂಬದ ಜೊತೆಗೇ ನೆಟ್ಟಗಾಗುವುದರಿಂದ ಕಂಬ ವಾಲಲ್ಲ. ಬದಲಿಗೆ ವಸ್ತುಗಳು ಅಡ್ಡಕ್ಕೆ ಹಿಗ್ಗುತ್ತವೆ ಅಥವಾ ಕುಗ್ಗುತ್ತವೆ. ಫೋನ್ ಹಳೆಯದಾಗಿದ್ದರೆ ಸಾಮಾನ್ಯವಾಗಿ ಇನ್ನೂ ಚೆನ್ನಾಗಿ ಕಾಣುತ್ತೆ.

ತಪ್ಪು ಅಂತ ಹೇಳೋರು ಯಾರು?

ಪ್ಯಾನಿಂಗ್ ಮಾಡುವಾಗ 1/30 ಸೆಕೆಂಡ್ ಇಟ್ಟು ಹಿನ್ನೆಲೆಯನ್ನು ಗೆರೆಗೆರೆಯಾಗಿ ಎಳೆಯೋದು, ಸ್ಪೋಕ್ಸ್ ಬ್ಲರ್ ಆಗಲು ಬಿಡೋದು, ಇವೆಲ್ಲ ಕಾರಿನ ಫೋಟೋಗ್ರಫಿಯಲ್ಲಿ ಬೇಕೆಂದೇ ಮಾಡುವಂಥವು. ಎಲ್ಲವನ್ನೂ ಫ್ರೀಜ್ ಮಾಡಿದರೆ ರೇಸ್ ಕಾರೂ ಪಾರ್ಕಿಂಗಲ್ಲಿ ನಿಂತ ಹಾಗೆ ಕಾಣುತ್ತೆ. ನಿಖರತೆ ಇದೆ, ಓಟ ಇಲ್ಲ.

ಫಿಲ್ಮ್ ರೋಲಿನಲ್ಲಿ 36 ಫ್ರೇಮ್, ಡೆವಲಪ್ ಆಗೋ ತನಕ ಏನು ಬಂದಿದೆ ಅಂತ ಗೊತ್ತಿಲ್ಲ. ಕೆಟ್ಟದ್ದೂ ನೆಗೆಟಿವ್‌ನಲ್ಲಿ ಉಳಿದಿರುತ್ತೆ, ವರ್ಷಗಳ ನಂತರ ತೆಗೆದು ನೋಡಬಹುದು. ಲಾರ್ತಿಗ್ ಅವರ ಚಿತ್ರ ಉಳಿದದ್ದು ಹಾಗೇ. ನಾವು ನೂರು ತೆಗೆದು ತೊಂಬತ್ತೈದನ್ನು ಅಲ್ಲೇ ಡಿಲೀಟ್ ಮಾಡ್ತೀವಿ. ಅದಕ್ಕೂ ಮೊದಲೇ ಫೋನಿನ ಸಾಫ್ಟ್‌ವೇರ್ ಗೈರೋಸ್ಕೋಪ್ ಡೇಟಾ ನೋಡಿ ವಿಡಿಯೋದ ವಾಲುವಿಕೆಯನ್ನು ತಿದ್ದಿರುತ್ತೆ.

ತಿದ್ದೋದು ಬೇಡ ಅಂತ ಅಲ್ಲ. ರೋಬೋಟ್ ಒಂದು ಕ್ಯಾಮೆರಾ ನೋಡಿ ದಾರಿ ಹುಡುಕುತ್ತಿದ್ದರೆ ವಾಲಿದ ಕಂಬ ನಿಜವಾಗಿಯೂ ಅಪಾಯ, ಅಲ್ಲಿ ತಿದ್ದಲೇಬೇಕು. ಆದರೆ ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬೇಕು ಅನ್ನೋದು ಫೋಟೋ ಯಾಕಾಗಿ ಅನ್ನೋದರ ಮೇಲೆ ಹೋಗುತ್ತೆ. ಆ ತೀರ್ಮಾನ ನಮ್ಮ ಕೈಲಿರಬೇಕು ಅಂದ್ರೆ ಶಟರ್ ಏನು ಮಾಡುತ್ತೆ ಅಂತ ನಮಗೆ ಗೊತ್ತಿರಬೇಕು.

ಈ ಸೆಮಿಸ್ಟರ್ ಬಸ್ಸಿನಲ್ಲಿ ವಾಲಿದ ಕಂಬ, ಮೊಟ್ಟೆ ಚಕ್ರ ಏನೇ ಸಿಕ್ಕಿದರೂ ಡಿಲೀಟ್ ಮಾಡಬೇಡಿ. ಫೋನ್ ಹೇಗೆ ಹಿಡಿದಿದ್ರಿ, ಬಸ್ ಯಾವ ಕಡೆ ಹೋಗ್ತಿತ್ತು ಅಂತ ಬರೆದು ಕ್ಲಬ್ಬಿಗೆ ಕಳಿಸಿ. ಸೆನ್ಸರ್ ಯಾವ ದಿಕ್ಕಿಗೆ ಓದುತ್ತೆ ಅಂತ ಚಿತ್ರ ನೋಡಿಯೇ ಲೆಕ್ಕ ಹಾಕೋಣ.